ಬೆಣ್ಣೆಯ ಮೊದಲ ದೋಸೆ

"ಸದಣ್ಣ, ಕಾರು ಬಂತು" ಎಂದು ಚಟ್ನಿ ರುಬ್ಬುವ ಚೆನ್ನಯ ಹಿಂಬಾಗಿಲಿಂದ ಕೂಗಿದಾಗ ಸದಾನಂದನ ಕೈ ಮೊಣಕೈಯವರೆಗೆ ದೋಸೆಹಿಟ್ಟಿನಲ್ಲಿತ್ತು. ಬೆಳಗಿನ ಆರೂಕಾಲು. ಸಾಂತಾಕ್ರೂಜ್ ಪೂರ್ವದ ಆ ಗಲ್ಲಿಗೆ ಹಾಲಿನ ಟೆಂಪೊ, ನೀರಿನ ಟ್ಯಾಂಕರು, ಮನಸ್ಸು ಬಂದ ದಿನ ಕಸದ ಗಾಡಿ, ಇಷ್ಟು ಬಿಟ್ಟರೆ ಬೇರೆ ವಾಹನ ಹೊಕ್ಕಿದ್ದು ಯಾರಿಗೂ ನೆನಪಿಲ್ಲ. ಅಂಥಲ್ಲಿಗೆ ಕಿಟಕಿಗೆ ಕಪ್ಪು ಪರದೆ ಹಾಕಿದ ಬಿಳಿ ಏಸಿ ಕಾರು ಬಂದು ನಿಂತಿತ್ತು. ಅದೂ ಸೇಠನಿಗಲ್ಲ, ಮಂತ್ರಿಗಲ್ಲ, ನಾಯಿಗೆ. ಹೋಟೆಲಿನ ಹಿಂದೆ, ಸದಾನಂದನ ಮನೆಯೂ ಇದ್ದ ಚಾಳಿನ ಜನ ಹಲ್ಲುಜ್ಜುತ್ತಾ, ಬಾಯಿಯ ನೊರೆ ಉಗುಳುವುದನ್ನೂ ಮರೆತು ಗ್ಯಾಲರಿಯಲ್ಲಿ ಸಾಲಾಗಿ ನಿಂತಿದ್ದರು.

ನಾಯಿಯ ಹೆಸರು ಬೆಣ್ಣೆ. ಮೈಯೆಲ್ಲ ಬೆಣ್ಣೆಯದೇ ಬಣ್ಣ, ಎಡಗಿವಿ ಮಾತ್ರ ಸೀದ ದೋಸೆಯಂತೆ ಕಂದು. ಜಾತಿ ಕೇಳಿದರೆ ಗಲ್ಲಿಯ ನಾಯಿ, ಅಷ್ಟೆ. ಹಿಂದಿನ ಸಂಜೆ ಸದಾನಂದನ ಹೆಂಡತಿ ಸೇವಂತಿ ಅದಕ್ಕೆ ಎರಡು ಸಲ ಶಾಂಪೂ ಹಾಕಿ ಮೀಯಿಸಿದ್ದಳು. ತನ್ನ ಮದುವೆಗೆ ಕೂಡ ತನ್ನನ್ನು ಯಾರೂ ಇಷ್ಟು ತಿಕ್ಕಿರಲಿಲ್ಲ ಎಂದು ಅವಳೇ ಹೇಳಿಕೊಂಡು ನಕ್ಕಿದ್ದಳು.

ಮಗಳು ಯಕ್ಷಿತಾ ಒಂದು ಕಾಲು ಗಲ್ಲಿಯಲ್ಲಿ, ಒಂದು ಕಾಲು ಅಡುಗೆಮನೆಯಲ್ಲಿ ಇಟ್ಟು ಕುಣಿಯುತ್ತಿದ್ದಳು. "ಪಪ್ಪಾ, ಜಲ್ದಿ. ಸೆವೆನ್ ಥರ್ಟಿ ಕಾಲ್ ಟೈಮ್ ಇದೆ. ಲೇಟ್ ಆದ್ರೆ ಬೆಣ್ಣೆದು ಫಸ್ಟ್ ಡೇನೇ ನನ್ನ ಇಂಪ್ರೆಶನ್ ಖರಾಬ್ ಆಗ್ತದೆ."

"ಮೊದಲ ದೋಸೆ ಆಗದೆ ಅದು ಬರ್ಲಿಕ್ಕಿಲ್ಲ. ನೀನು ಎತ್ತಿ ಕೂರಿಸಿದರೂ ಇಳಿದು ಬರ್ತದೆ," ಎಂದ ಸದಾನಂದ. ಕಾವಲಿಯ ಮುಂದೆ ನಿಂತವನಿಗೆ ಅವಸರ ಸಲ್ಲದು.

ಕಾವಲಿಯ ಮೊದಲ ದೋಸೆಯನ್ನು ಗಿರಾಕಿಗೆ ಕೊಡಬಾರದು ಎಂದು ಅವನಿಗೆ ಕಲಿಸಿದ್ದು ಅವನು ಮೊದಲು ಕೆಲಸಕ್ಕಿದ್ದ ದಾದರಿನ ಹೋಟೆಲಿನ ಹಳೆಯ ದೋಸೆ ಮಾಸ್ತರರು. ಆ ದೋಸೆ ಒಂದೋ ಅಂಟುತ್ತದೆ, ಇಲ್ಲ ಹರಿಯುತ್ತದೆ. ಚೆನ್ನಾಗಿ ಎದ್ದರೂ ಅದು ಮೂಕಪ್ರಾಣಿಯ ಪಾಲು ಎನ್ನುತ್ತಿದ್ದರು ಅವರು. ಸದಾನಂದ ಆ ಪಾಠವನ್ನು ಮೂವತ್ತು ವರ್ಷ ತಪ್ಪದೆ ಪಾಲಿಸಿದ್ದ. ಆರು ವರ್ಷದ ಕೆಳಗೆ ಗ್ಯಾಸ್ ಸಿಲಿಂಡರಿನ ಸಂದಿಯಲ್ಲಿ ಸಿಕ್ಕಿದ ಮರಿಗೆ ಆ ಪಾಲು ಖಾಯಂ ಆಯಿತು. ಆದರೆ ಪುಕ್ಕಟೆ ಕೊಡುವ ಆಸಾಮಿ ಅವನಲ್ಲ. ಕರೆದರೆ ಓ ಅನ್ನಬೇಕು. ಯಕ್ಷಿತಾ ಚಿಕ್ಕವಳಿದ್ದಾಗಲೂ ಅದೇ ಕಾನೂನು, ಹೆಸರು ಕರೆದಾಗ ಓ ಅನ್ನದಿದ್ದರೆ ಸಂಜೆಯ ಬನ್ನು ಇಲ್ಲ. ಈಗ ಅವಳು ಕಿವಿಗೆ ವಯರು ಸಿಕ್ಕಿಸಿಕೊಂಡು "ವಾಟ್" ಅನ್ನುವಷ್ಟು ದೊಡ್ಡವಳಾಗಿದ್ದಾಳೆ, ಅದು ಬೇರೆ ಮಾತು. ನಾಯಿ ಮಾತ್ರ ಕಲಿತದ್ದನ್ನು ಮರೆಯಲಿಲ್ಲ.

ಅವನು ಕಾವಲಿಗೆ ನೀರು ಚಿಮುಕಿಸಿ ಒರೆಸಿದ. ಹಿಟ್ಟು ಹೊಯ್ದು ಸುತ್ತ ಎಳೆದ. ಅಂಚು ಎದ್ದದ್ದೇ ಸಟ್ಟುಗದಿಂದ ಕಾವಲಿಯ ಮೂಲೆಗೆ ಒಂದೇ ಒಂದು ಏಟು. ಹೆಬ್ಬೆರಳು ದಪ್ಪದ ಕಬ್ಬಿಣ ಅದು, ಟಣ್ ಅನ್ನುವುದಿಲ್ಲ, ಟಕ್ ಅನ್ನುತ್ತದೆ. ಹಿಂಬಾಗಿಲಲ್ಲಿ ಕೂತಿದ್ದ ಬೆಣ್ಣೆ "ಭೌ" ಎಂದಿತು. ಒಂದೇ ಸಲ, ಹೊಟ್ಟೆಯಿಂದ, ಗಲ್ಲಿಯ ಆ ತುದಿಗೆ ಕೇಳುವ ಹಾಗೆ. ಆಮೇಲೆ ಸದಾನಂದನ ಬಲಗೈಯನ್ನೇ ನೋಡುತ್ತಾ ಬಾಲ ನೆಲಕ್ಕೆ ಬಡಿಯಿತು.

"ಮೂಕಪ್ರಾಣಿಯಂತೆ," ಎಂದ ಸದಾನಂದ, ದೋಸೆ ಎಸೆಯುತ್ತಾ. ಆರು ವರ್ಷದಿಂದ ದಿನಾ ಹೇಳುವ ಮಾತು, ದಿನಾ ಚೆನ್ನಯ ನಗುವ ಮಾತು. ದೋಸೆ ಮುಗಿಸಿದ ಬೆಣ್ಣೆ ರಾಣಿಯ ಗತ್ತಿನಲ್ಲಿ ಕಾರು ಹತ್ತಿತು. ಪಕ್ಕದಲ್ಲಿ ಕಾಂಚೀಪುರಂ ಸೀರೆ ಉಟ್ಟ ಸೇವಂತಿ, ಮುಂದೆ ಯಕ್ಷಿತಾ ಕೂತರು. ನಮಗೆ ಕಾವಲಿಯ ಬೆಂಕಿ, ನಾಯಿಗೆ ಏಸಿ, ಎಲ್ಲ ಪಡೆದುಕೊಂಡು ಬಂದದ್ದು ಎಂದು ಚೆನ್ನಯ ನಿಟ್ಟುಸಿರು ಬಿಟ್ಟ.

ಈ ಭಾಗ್ಯ ಒದಗಿದ್ದು ಯಕ್ಷಿತಾಳಿಂದ. ಎರಡು ವರ್ಷ ಅಂಧೇರಿಯ ಆಫೀಸುಗಳ ಮೆಟ್ಟಿಲು ಹತ್ತಿಳಿದು, ಕೊನೆಗೆ ಒಂದು ಹಿಂದಿ ವೆಬ್ ಸೀರೀಸಿನಲ್ಲಿ ಅವಳಿಗೆ ಅಸಿಸ್ಟೆಂಟ್ ಕೆಲಸ ಸಿಕ್ಕಿತ್ತು. ಅಸಿಸ್ಟೆಂಟರಲ್ಲೇ ಕಟ್ಟಕಡೆಯವಳು. ಪ್ರತಿ ಶಾಟಿಗೂ ಕ್ಯಾಮೆರಾದ ಮುಂದೆ ಕಪ್ಪು ಹಲಗೆ ಹಿಡಿದು ನಂಬರು ಹೇಳಿ ಕ್ಲ್ಯಾಪ್ ಹೊಡೆಯುವುದು ಅವಳ ಕೆಲಸ. ಮೊದಲ ಸಂಬಳದಲ್ಲಿ ತನ್ನದೇ ಒಂದು ಕ್ಲ್ಯಾಪ್ ಹಲಗೆ ಕೊಂಡು ತಂದು ದೇವರ ಮುಂದೆ ಇಟ್ಟಿದ್ದಳು. ಆ ಸೀರೀಸಿನ ಕಥೆಯಲ್ಲಿ ಹೋಟೆಲಿನವನೊಬ್ಬನಿಗೆ ಒಂದು ನಾಯಿ ಬೇಕಿತ್ತು. ಅವಳು ಫೋನಿನಲ್ಲಿದ್ದ ಬೆಣ್ಣೆಯ ವಿಡಿಯೊ ತೋರಿಸಿದ್ದೇ ತಡ, ಡೈರೆಕ್ಟರು ಆ ಕಂದು ಕಿವಿಗೆ ಮರುಳಾಗಿಬಿಟ್ಟರು. ನಾಯಿ ನಿನ್ನ ಜವಾಬ್ದಾರಿ, ಚೆನ್ನಾಗಿ ಮಾಡಿಸಿದರೆ ಮುಂದಿನ ಸೀರೀಸಿನಲ್ಲಿ ಕ್ಲ್ಯಾಪ್ ಬಿಟ್ಟು ನನ್ನ ಪಕ್ಕ ಕೂರುತ್ತೀ ಎಂದು ಅವಳಿಗೆ ಹೇಳಿದರು. ಅವತ್ತಿನಿಂದ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಸೇವಂತಿ ತಮ್ಮೂರು ಹಿರಿಯಡ್ಕದ ಅಷ್ಟೂ ನೆಂಟರಿಗೆ ಫೋನು ಮಾಡಿ ಮುಗಿಸಿ, ಆಗದವರಿಗೂ ಮಾಡಿದಳು.

ಸಂಜೆ ಕಾರು ತಿರುಗಿ ಬಂದಾಗ ಸೇವಂತಿಯ ಮುಖ ಬಾಡಿತ್ತು. ನಾಯಿ ಎಲ್ಲ ಮಾಡಿತಂತೆ. ಕೂರು ಅಂದರೆ ಕೂತಿತು, ಹೀರೋನ ಕಾಲಬುಡದಲ್ಲಿ ಮಲಗು ಅಂದರೆ ಮಲಗಿತು, ಕಣ್ಣಲ್ಲೇ ಎಲ್ಲರನ್ನೂ ಅಳಿಸಿತು. ಆದರೆ ಎಲ್ಲರೂ ಬಾಯಿ ಮುಚ್ಚಿ, ಕ್ಯಾಮೆರಾ ಶುರುವಾಗಿ, ಇನ್ನೇನು ಹೀರೋ ಮಾತಾಡಬೇಕು ಅನ್ನುವಾಗ ಒಂದು ಸಲ "ಭೌ" ಅನ್ನುತ್ತದೆ. ಹದಿನೇಳು ಟೇಕು, ಹದಿನೇಳು ಸಲ ಭೌ.

ಸದಾನಂದನಿಗೆ ನಾಚಿಕೆಯಾಯಿತು. ಹೊಸ ಜಾಗ, ಹೊಟ್ಟೆ ಹಸಿದಿರಬೇಕು ಎಂದು ತನ್ನದೇ ತರ್ಕ ಹೂಡಿದ. ಮಾರನೆಯ ದಿನ ಹತ್ತು ದೋಸೆ ಹೊಯ್ದು ಡಬ್ಬಿ ಕಟ್ಟಿ ಕೊಟ್ಟ. ಬಾಯಿ ತೆರೆದರೆ ಒಂದು ತುಂಡು ಹಾಕು, ಸುಮ್ಮನಾಗ್ತದೆ ಎಂದು ಸೇವಂತಿಗೆ ಹೇಳಿ ಕಳಿಸಿದ. ಅವಳು ಪಾಪ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಪ್ರತಿ ಭೌಗೂ ಒಂದು ತುಂಡು ದೋಸೆ. ಆ ದಿನ ಇಪ್ಪತ್ತಾರು ಟೇಕು ಹೋಯಿತು, ಹತ್ತೂ ದೋಸೆ ಮುಗಿಯಿತು, ಬೆಣ್ಣೆ ಬಹಳ ಸಂತೋಷವಾಗಿ ಮನೆಗೆ ಬಂತು.

ಬುಧವಾರ ಪ್ರೀತಮ್ ಫೋನು ಮಾಡಿದ. ಯೂನಿಟ್ಟಿನ ಮ್ಯಾನೇಜರು, ಮೂಲ ಕಾಪುವಿನ ಕಡೆಯವನು, ಆದ್ದರಿಂದ ಮಾತಿನಲ್ಲಿ ಬಹಳ ಹತ್ತಿರದವನು. "ಸದಣ್ಣ, ಎಂಥ ನಟನೆ ಮಾರಾಯ್ರೆ ಅದರದ್ದು. ಬಾಯಿ ಒಂದೇ ಪ್ರಾಬ್ಲೆಮ್. ನಮ್ಮ ಗುರ್ತಿನ ಡಾಕ್ಟರ್ ಇದ್ದಾರೆ, ಸಣ್ಣ ಆಪರೇಶನ್ ಮಾಡಿ ಸ್ವರ ತೆಗೆದು ಬಿಡ್ತಾರೆ. ಹದಿನೈದು ನಿಮಿಷದ ಕೆಲಸ. ಬೊಗಳುವುದು ಎಲ್ಲಿ ಬೇಕೋ ಅಲ್ಲಿ ನಾವು ಡಬ್ಬಿಂಗಿನಲ್ಲಿ ಹಾಕುವ. ಒಳ್ಳೆ ಜರ್ಮನ್ ಶೆಫರ್ಡಿನ ಸ್ವರವೇ ಹಾಕುವ."

"ಸ್ವರವನ್ನೇ ತೆಗೆಯುವುದಾ?" ಎಂದ ಸದಾನಂದ. ಪ್ರೀತಮ್ ಬಿಡಲಿಲ್ಲ. ಈ ಊರಿನಲ್ಲಿ ಇದು ಹೊಸದೇನಲ್ಲ, ಸೋಫಾ ಹರಿಯುತ್ತದೆಂದು ಬೆಕ್ಕಿನ ಉಗುರು ಬುಡಸಮೇತ ತೆಗೆಸಿದವರಿದ್ದಾರೆ, ಚಂದ ಕಾಣಲಿ ಎಂದು ನಾಯಿಯ ಬಾಲ, ಕಿವಿ ಕತ್ತರಿಸಿದವರಿದ್ದಾರೆ, ಅವೆಲ್ಲ ಆರಾಮವಾಗಿವೆ ಎಂದ. ಹೀಗೆಲ್ಲ ಮಾಡಬಾರದೆಂದು ಕಾಯಿದೆ ಹೇಳುತ್ತದಂತೆ, ಹಾಗಾಗಿ ಡಾಕ್ಟರು ಕಾಗದದಲ್ಲಿ ಗಂಟಲಿನ ಗಡ್ಡೆ ಎಂದು ಬರೆಯುತ್ತಾರೆ, ಅದರ ಚಿಂತೆ ನಿಮಗೆ ಬೇಡ ಎಂದ. ನಾಯಿಯ ಮುಂದಿನ ಶೂಟಿಂಗಿಗೆ ಇನ್ನೂ ಹನ್ನೆರಡು ದಿನ ಇದೆ, ಅಷ್ಟರಲ್ಲಿ ಗಾಯ ಒಣಗುತ್ತದೆ. ಇಲ್ಲವಾದರೆ ಡೈರೆಕ್ಟರು ನಾಯಿಯನ್ನೂ ಬಿಡ್ತಾರೆ, ತಂದವಳನ್ನೂ ಬಿಡ್ತಾರೆ. ಕೊನೆಯ ಮಾತನ್ನು ಅವನು ಬಹಳ ಮೆತ್ತಗೆ ಹೇಳಿದ.

ಮನೆಯಲ್ಲಿ ಯಕ್ಷಿತಾ ಕ್ಲ್ಯಾಪ್ ಹಲಗೆಯ ಮೇಲಿನ ಸೀಮೆಸುಣ್ಣದ ಅಕ್ಷರ ಒರೆಸುವುದು, ಮತ್ತೆ ಬರೆಯುವುದು, ಮತ್ತೆ ಒರೆಸುವುದು ಮಾಡುತ್ತಿದ್ದಳು. ಸೇವಂತಿ ಮಾತ್ರ ನೇರವಾಗಿಯೇ ಹೇಳಿದಳು, ಮಗಳ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ನಾಯಿಯ ಬೊಗಳು ಅಡ್ಡ ಬರಬೇಕಾ ಎಂದು. ಒಂದು ಸ್ವರ ತಾನೇ, ಕಾಲು ಕಡಿಯುವುದಲ್ಲವಲ್ಲ ಎಂದು ಸದಾನಂದನೂ ತನಗೆ ತಾನೇ ಹೇಳಿಕೊಂಡ. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತದ್ದು ಯಾಕೆ, ಮಗಳು ನೆರಳಿನಲ್ಲಿ ಕೂರಲಿ ಎಂದಲ್ಲವೇ? ಹೂಂ ಅಂದ. ಯಕ್ಷಿತಾ ಎದ್ದು ಬಂದು ಅವನನ್ನು ತಬ್ಬಿಕೊಂಡಳು. ಅವಳು ಹಾಗೆ ಮಾಡಿ ಎಷ್ಟೋ ವರ್ಷವಾಗಿತ್ತು.

ಸುದ್ದಿ ಗ್ಯಾಲರಿ ದಾಟಲು ಐದು ನಿಮಿಷ ಸಾಕಾಯಿತು. ವಿಜಯಪುರದ ಕಡೆಯ ಚನ್ನವ್ವ, ಪಕ್ಕದ ಖೋಲಿಯವಳು, ದೃಷ್ಟಿ ತೆಗೆಯಲು ಉಪ್ಪು ಮೆಣಸು ಹಿಡಿದೇ ಬಂದಳು. ನಾಯಿಗೆ ನೀವಾಳಿಸಿ ಮುಗಿಸಿ, ಬಾಗಿಲ ಹತ್ತಿರ ನಿಂತು ಸುಮ್ಮನೆ ಕೇಳಿದಳು. "ಅಲ್ರೀ ಅಣ್ಣಾರ, ದನಿ ತಗಸಿದ ಮ್ಯಾಲ ಅದಕ್ಕ ಹೊಟ್ಟಿ ಹಸದದ್ದು ನಿಮಗ ಹೆಂಗ ತಿಳೀಬೇಕ್ರಿ?" ಅವಳು ಕೊಂಕು ಆಡಿದ್ದಲ್ಲ, ಗೊತ್ತಿಲ್ಲದೆ ಕೇಳಿದ್ದು. ಸದಾನಂದನಿಗೂ ಗೊತ್ತಿರಲಿಲ್ಲ.

ಗುರುವಾರ ಅವನಿಗೆ ರಜೆ. ಬೆಳಗ್ಗೆ ನಾಯಿಗೆ ಏನೂ ತಿನ್ನಿಸಬೇಡಿ ಎಂದು ಡಾಕ್ಟರು ತಿಳಿಸಿದ್ದರು. ಆರು ಗಂಟೆಗೆ ಬೆಣ್ಣೆ ಎಂದಿನಂತೆ ಎದ್ದು ಹೋಟೆಲಿನ ಹಿಂಬಾಗಿಲಿಗೆ ಹೊರಟಿತು. ಸದಾನಂದ ಕೊರಳಪಟ್ಟಿ ಹಿಡಿದು ತಡೆದ. ಅದು ಬಾಗಿಲ ಹತ್ತಿರವೇ ಕೂತು, ಕಿವಿ ನಿಮಿರಿಸಿಕೊಂಡು ಎರಡು ಗಂಟೆ ಕಾದಿತು. ಎಂಟೂವರೆಗೆ ರಿಕ್ಷಾ ಹಿಡಿದು ಇಬ್ಬರೂ ಅಂಧೇರಿಗೆ ಹೊರಟರು. ಬೆಣ್ಣೆ ಅವನ ತೊಡೆಯ ಮೇಲೆ ಮುಂಗಾಲಿಟ್ಟು ಗಾಳಿಗೆ ನಾಲಿಗೆ ಚಾಚಿ, ಹೈವೇಯ ಅಷ್ಟೂ ಗಾಡಿಗಳನ್ನು ನೋಡುತ್ತಾ ಬಂತು. ಮತ್ತೆ ಶೂಟಿಂಗ್ ಎಂದು ತಿಳಿದುಕೊಂಡಿದೆಯೋ ಏನೋ ಎಂದುಕೊಂಡ ಅವನು.

ಕ್ಲಿನಿಕ್ಕು ದೇವಸ್ಥಾನದ ಹಾಗೆ ಸ್ವಚ್ಛವಾಗಿತ್ತು. ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಬಿಳಿ ಪಾಮೆರೇನಿಯನ್ ನಾಯಿಯನ್ನು ಕೂರಿಸಿಕೊಂಡಿದ್ದಳು. ಬೆಣ್ಣೆಯನ್ನು ಕಂಡದ್ದೇ ಆ ಪುಟ್ಟ ನಾಯಿ ನೆಲಕ್ಕೆ ಹಾರಿ ಬೊಗಳತೊಡಗಿತು. ಕತ್ತಿನ ಕೂದಲು ನೆಟ್ಟಗೆ ನಿಂತಿತು, ಪ್ರತಿ ಬೊಗಳಿಗೂ ಮುಂಗಾಲು ನೆಲ ಬಿಟ್ಟು ಏಳುತ್ತಿತ್ತು, ಗಂಟಲು ಉಬ್ಬಿ ಇಳಿಯುತ್ತಿತ್ತು. ಸ್ವರ ಮಾತ್ರ ಇಲ್ಲ. "ಖ್ಹ, ಖ್ಹ" ಎಂದು ಪಕ್ಕದ ಮನೆಯಲ್ಲಿ ಯಾರೋ ಮುದುಕರು ಕೆಮ್ಮಿದ ಹಾಗೆ ಗಾಳಿ ಬರುತ್ತಿತ್ತು. ಬೆಣ್ಣೆ ತಲೆ ಓರೆ ಮಾಡಿ ಅದನ್ನು ನೋಡಿತು, ಆಮೇಲೆ ಅದರ ಹಿಂದೆ ಮುಂದೆ ನೋಡಿತು, ಏನೂ ಅರ್ಥವಾಗದೆ ಸದಾನಂದನ ಕಾಲಿಗೆ ಒರಗಿತು.

ಹೆಂಗಸು ಒಳ್ಳೆಯವಳು. ಆಪರೇಶನ್ನಿಗೆ ಬಂದದ್ದೋ ಎಂದು ಹಿಂದಿಯಲ್ಲಿ ವಿಚಾರಿಸಿ ಧೈರ್ಯ ಹೇಳಿದಳು. ಇದಕ್ಕೆ ಮಾಡಿಸಿ ಒಂದು ವರ್ಷವಾಯಿತಂತೆ. ಸೊಸೈಟಿಯವರ ಕಾಟ ತಪ್ಪಿದೆ, ಮನೆ ತಣ್ಣಗಿದೆ. ಇದಕ್ಕೆ ಸ್ವರ ಹೋದದ್ದು ಇನ್ನೂ ಗೊತ್ತೇ ಆಗಿಲ್ಲ, ದಿನವಿಡೀ ಬೊಗಳುತ್ತದೆ, ನಾವು ಕೇಳಿಸಿಕೊಂಡೆವು ಎಂದೇ ತಿಳಿದಿದೆ ಪಾಪ, ಎಂದು ಪ್ರೀತಿಯಿಂದ ನಕ್ಕು ಅದನ್ನೆತ್ತಿ ಮುದ್ದಿಸಿದಳು. ಅವಳ ತೋಳಿನಲ್ಲೂ ಅದು ಬೊಗಳುತ್ತಲೇ ಇತ್ತು.

ಒಳಗೆ ಕರೆದರು. ಡಾಕ್ಟರು ಗುಜರಾತಿ, ನಯವಾದ ಮನುಷ್ಯ. ಬೆಣ್ಣೆಯ ತಲೆ ಸವರಿ, ಸಹಿ ಹಾಕಲು ಒಂದು ಕಾಗದ ಮುಂದಿಟ್ಟರು. ಸದಾನಂದ ಪೆನ್ನು ತೆಗೆದುಕೊಂಡ. ಅಷ್ಟರಲ್ಲಿ ನರ್ಸು ಸ್ಟೀಲಿನ ಟ್ರೇ ಒಂದನ್ನು ತಂದು ಕಲ್ಲಿನ ಕಟ್ಟೆಯ ಮೇಲೆ ಇಟ್ಟಳು. ಟಕ್ ಎಂದಿತು.

"ಭೌ" ಎಂದಿತು ಬೆಣ್ಣೆ.

ಇದೇ ಅಲ್ಲವೇ ತೊಂದರೆ ಎಂದು ಡಾಕ್ಟರು ಮುಗುಳ್ನಕ್ಕರು. ಸದಾನಂದ ಅವರನ್ನು ನೋಡಲಿಲ್ಲ. ಅವನು ನೋಡಿದ್ದು ಬೆಣ್ಣೆಯನ್ನು. ಒಂದೇ ಸಲ ಕೂಗಿ, ಹಿಂಗಾಲ ಮೇಲೆ ಕೂತು, ಬಾಲ ನೆಲಕ್ಕೆ ಬಡಿಯುತ್ತಾ ಅದು ಅವನ ಬಲಗೈಯನ್ನೇ ನೋಡುತ್ತಿತ್ತು. ಕೈಯಲ್ಲಿ ಪೆನ್ನಿತ್ತು. ಅವನು ಪೆನ್ನು ಕೆಳಗಿಟ್ಟ. ಟ್ರೇಯಿಂದ ಒಂದು ಚಿಮಟ ಎತ್ತಿಕೊಂಡು ಕಲ್ಲಿಗೆ ಹೊಡೆದ, ಟಕ್. "ಭೌ." ಮತ್ತೆ ಅವನ ಕೈಯನ್ನೇ ನೋಡಿತು. ಬೆಳಗ್ಗಿನಿಂದ ಹಸಿದಿದ್ದ ಪ್ರಾಣಿ, ಅಂತೂ ಕರೆದರಲ್ಲ ಎಂದು ಅದರ ಮೈಯೆಲ್ಲ ಕುಣಿಯುತ್ತಿತ್ತು.

ಎಲ್ಲ ಒಮ್ಮೆಗೇ ಅವನ ತಲೆಗೆ ಹೊಕ್ಕಿತು. ಶೂಟಿಂಗಿನಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ, ಯಕ್ಷಿತಾಳ ಹಲಗೆ ಸಟ್ಟುಗದ ಹಾಗೆಯೇ ಟಕ್ ಅನ್ನುತ್ತದೆ. ಅದು ಕ್ಯಾಮೆರಾಕ್ಕೆ ಹೆದರಿದ್ದಲ್ಲ, ಹೀರೋನನ್ನು ಕಂಡು ಬೊಗಳಿದ್ದಲ್ಲ. ಹದಿನೇಳು ಸಲ ಕರೆದರು, ಹದಿನೇಳು ಸಲವೂ ಓ ಎಂದಿತು. ಮಾರನೆಯ ದಿನ ಅವನೇ ದೋಸೆ ಕಟ್ಟಿ ಕಳಿಸಿ, ಸರಿಯಾಗಿ ಮಾಡಿದೆ ಎಂದು ಶಹಬ್ಬಾಸ್ ಬೇರೆ ಕೊಟ್ಟಿದ್ದ. ತನ್ನ ಮೂರ್ಖತನಕ್ಕೆ ಅವನಿಗೆ ನಗು ಬರಬೇಕಾಗಿತ್ತು, ಅಳು ಬಂತು.

"ಅದು ಬೊಗಳಿದ್ದಲ್ಲ ಡಾಕ್ಟ್ರೇ, ಓ ಅಂದದ್ದು," ಎಂದ. ಕನ್ನಡದಲ್ಲಿ ಹೇಳಿದೆನೆಂಬುದು ಅವನಿಗೆ ಹೊಳೆಯಲೇ ಇಲ್ಲ. ಡಾಕ್ಟರು ಹುಬ್ಬೇರಿಸಿ ನರ್ಸಿನ ಮುಖ ನೋಡುವಷ್ಟರಲ್ಲಿ ಅವನು ಬೆಣ್ಣೆಯನ್ನು ಎತ್ತಿಕೊಂಡು ಬಾಗಿಲು ದಾಟಿದ್ದ. ಇಪ್ಪತ್ತು ಕಿಲೋದ ನಾಯಿ, ಮೆಟ್ಟಿಲು ಇಳಿಯುವಾಗ ಅವನ ಕಿವಿ ನೆಕ್ಕಿತು.

ರಸ್ತೆಯ ಬದಿಗೆ ನಿಂತು ಯಕ್ಷಿತಾಳಿಗೆ ಫೋನು ಮಾಡಿದ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ.

"ಕ್ಲ್ಯಾಪ್ ತೋ ನಾನೇ ಕೊಡ್ತೇನೆ, ಪಪ್ಪಾ," ಎಂದಳು ಅವಳು.

"ಹೌದು ಮಗಾ. ನೀನು ಕರೆದದ್ದಕ್ಕೇ ಅದು ಓ ಅಂದದ್ದು."

"ಠೀಕ್ ಹೈ. ಬಟ್ ನಾನು ಸರ್‌ಗೆ ಪ್ರಾಮಿಸ್ ಮಾಡಿದ್ದೇನೆ. ನೀವು ಒಳಗೆ ವಾಪಸ್ ಹೋಗಿ. ಪ್ಲೀಸ್. ಹದಿನೈದು ಮಿನಿಟ್."

"ಆರು ವರ್ಷ ಓ ಅನ್ಲಿಕ್ಕೆ ಕಲಿಸಿದವ ನಾನು. ಈಗ ನಾನೇ ಅದರ ಸ್ವರ ಕೊಯ್ಯಿಸ್ಲಿಕ್ಕೆ ಆಗ್ತದಾ?"

"ನನಗೋಸ್ಕರ್ ಭೀ ನಹೀ?"

ಸದಾನಂದ ಬೆಣ್ಣೆಯ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡ. ಮಗಳು ಕೇಳಿದ್ದಕ್ಕೆ ಇಲ್ಲ ಎಂದು ಅವನು ಈ ಜನ್ಮದಲ್ಲಿ ಅಂದವನಲ್ಲ. "ಇಲ್ಲ ಮಗಾ," ಎಂದ. ಫೋನು ಕಟ್ಟಾಯಿತು.

ಮಧ್ಯಾಹ್ನದೊಳಗೆ ಪ್ರೀತಮ್ ಯಾವುದೋ ಟ್ರೇನರನ ಲ್ಯಾಬ್ರಡಾರ್ ಗೊತ್ತುಮಾಡಿದ. ಕ್ಲ್ಯಾಪನ್ನು ಶಾಟಿನ ಕೊನೆಗೆ ಹೊಡೆದರೆ ಆಗದೇ ಸರ್ ಎಂದು ಯಕ್ಷಿತಾ ಡೈರೆಕ್ಟರರನ್ನು ಕೇಳಲು ಹೋದಳಂತೆ. ಅವಳ ಜಾಗದಲ್ಲಿ ಬೇರೊಬ್ಬಳು ಆಗಲೇ ಹಲಗೆ ಹಿಡಿದು ನಿಂತಿದ್ದಳಂತೆ. ಇದನ್ನು ಹೇಳಿದ್ದು ಸೇವಂತಿ. ಯಕ್ಷಿತಾ ಅಪ್ಪನ ಹತ್ತಿರ ಮಾತು ಬಿಟ್ಟಳು. ಅವನು ಊಟಕ್ಕೆ ಕರೆದರೆ ಇಲ್ಲ, ಹೆಸರು ಹಿಡಿದು ಕರೆದರೂ ಇಲ್ಲ, ಕಿವಿಯಲ್ಲಿ ವಯರೂ ಇರಲಿಲ್ಲ. ಊರಿನ ನೆಂಟರಿಗೆ ಸೇವಂತಿ ಶೂಟಿಂಗ್ ಮುಂದೆ ಹೋಗಿದೆ ಎಂದು ಹೇಳಿದಳು. ಗ್ಯಾಲರಿಯಲ್ಲಿ ಎಲ್ಲರೂ ಸದಾನಂದನನ್ನು ಕಂಡು ಮಾತು ಬದಲಿಸುತ್ತಿದ್ದರು. ಚನ್ನವ್ವ ಒಬ್ಬಳೇ ಬೆಣ್ಣೆಗೆ ರೊಟ್ಟಿಯ ಚೂರು ಹಾಕಿ, ಅದು ಕೂಗಿದರೆ "ಹಾಂ, ಕೇಳಿಸ್ತವ್ವಾ" ಅನ್ನುತ್ತಿದ್ದಳು.

ಆರನೆಯ ದಿನ, ಬೆಳಗಿನ ಆರೂಕಾಲು. ಸದಾನಂದ ಕಾವಲಿಗೆ ನೀರು ಚಿಮುಕಿಸಿ ಒರೆಸಿ, ಹಿಟ್ಟು ಹೊಯ್ದು ಎಳೆದ. ಅಂಚು ಏಳತೊಡಗಿತು. ಸಟ್ಟುಗ ಎತ್ತಬೇಕು ಅನ್ನುವಾಗ ಹಿಂಬಾಗಿಲಲ್ಲಿ ಟಕ್ ಎಂದಿತು. ಬೆಣ್ಣೆ "ಭೌ" ಎಂದಿತು.

ಅವನು ತಿರುಗಿ ನೋಡಿದ. ಯಕ್ಷಿತಾ ಹೆಗಲಿಗೆ ಬ್ಯಾಗು ಹಾಕಿಕೊಂಡು, ತನ್ನ ಸ್ವಂತದ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಾಚೆ ನಿಂತಿದ್ದಳು. ಹಲಗೆ ಒರೆಸಿ ಖಾಲಿಯಾಗಿತ್ತು. ಬೆಣ್ಣೆ ಅವಳ ಕಡೆ ನೋಡದೆ ಸದಾನಂದನ ಕೈಯನ್ನೇ ನೋಡುತ್ತಿತ್ತು. ಅಂಧೇರಿಯಲ್ಲಿ ಇನ್ಯಾವುದೋ ಯೂನಿಟ್ಟಿನವರು ಬಾ ಅಂದಿದ್ದಾರೆ, ಕೆಲಸ ಆದರೂ ಆಯಿತು ಇಲ್ಲದಿದ್ದರೂ ಆಯಿತು ಎಂದು ಅವಳು ಚೆನ್ನಯನಿಗೆ ಹೇಳಿದಳು, ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಸದಾನಂದ ದೋಸೆ ಎಬ್ಬಿಸಿ ಎಸೆದ. ಅದು ನೆಲ ಮುಟ್ಟುವ ಮೊದಲೇ ಬೆಣ್ಣೆಯ ಬಾಯಲ್ಲಿತ್ತು.

ಅವಳು ಹಲಗೆಯನ್ನು ಬ್ಯಾಗಿಗೆ ತುರುಕಿ ಸ್ಟೇಷನ್ನಿನ ಕಡೆ ಹೊರಟಳು. ಗಲ್ಲಿಯ ತಿರುವಿನಲ್ಲಿ ಇನ್ನೇನು ಮರೆಯಾಗಬೇಕು.

"ಯಕ್ಷಿತಾ," ಎಂದು ಕರೆದ ಸದಾನಂದ.

"ಓ," ಎಂದಿತು ತಿರುವಿನ ಆಚೆಯಿಂದ.

ಏನು ಹೇಳಲು ಕರೆದೆನೆಂದು ಅವನಿಗೇ ಹೊಳೆಯಲಿಲ್ಲ. ಕಾವಲಿಗೆ ನೀರು ಚಿಮುಕಿಸಿ, ಎರಡನೆಯ ದೋಸೆ ಹೊಯ್ದ.